ಪಾಂಟೂನ್ ದೋಣಿಗೆ ಯಾವ ಪ್ರೊಪೆಲ್ಲರ್? ವಾಣಿವಿಲಾಸ ಸಾಗರ ಮತ್ತು ಶಾಂತಿಸಾಗರದ ನೀರಿಗೆ ತಕ್ಕ ಆಯ್ಕೆ

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರ್ ಕೊಳ್ಳುವವರು ಎಚ್‌ಪಿ ಎಷ್ಟು, ಬೆಲೆ ಎಷ್ಟು, ಗಂಟೆಗೆ ಎಷ್ಟು ಪೆಟ್ರೋಲ್ ಬೇಕು ಎಂದು ವಿಚಾರಿಸುತ್ತಾರೆ. ಅದರ ತುದಿಯಲ್ಲಿ ತಿರುಗುವ ಪ್ರೊಪೆಲ್ಲರ್ ಯಾವ ಅಳತೆಯದು ಎಂದು ಕೇಳುವವರು ಕಡಿಮೆ. ಮೋಟಾರಿನ ಜೊತೆಗೆ ಬಂದದ್ದನ್ನೇ ಹಾಕಿಕೊಂಡು ವರ್ಷಗಟ್ಟಲೆ ಓಡಿಸುವುದು ವಾಡಿಕೆ. ಆದರೆ ಹಾಗೆ ಬರುವ ಪ್ರೊಪೆಲ್ಲರ್ ಸಾಮಾನ್ಯವಾಗಿ ಹಗುರವಾದ ಫೈಬರ್ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ ಮಧ್ಯಮ ಅಳತೆಯದ್ದಾಗಿರುತ್ತದೆ. ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಅಗಲವಾದ ಅಟ್ಟಣೆ, ಅದರ ಮೇಲೆ ಕುರ್ಚಿ, ಕಟಕಟೆ, ಬಿಸಿಲಿಗೆ ಚಾವಣಿ, ಇಷ್ಟೆಲ್ಲದರ ಜೊತೆಗೆ ಹತ್ತು ಹನ್ನೆರಡು ಮಂದಿಯನ್ನು ಹೊತ್ತು ಸಾಗುವ ಪಾಂಟೂನ್ ದೋಣಿಗೆ ಅದು ಒಗ್ಗುವುದು ಅಪರೂಪ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಾಗಲಿ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಲ್ಲಾಗಲಿ ಅನುಮತಿ ಪಡೆದು ಇಂಥ ದೋಣಿ ನಡೆಸಬೇಕೆಂದಿರುವವರಿಗೆ ಈ ಬರಹ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತುಂಬಿದ ದೋಣಿಯಲ್ಲಿ, ನಮ್ಮದೇ ನೀರಿನಲ್ಲಿ, ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತುಗಳು) ಮುಟ್ಟುತ್ತದೆ ಎಂಬುದೇ ಆಯ್ಕೆಯ ಆಧಾರವಾಗಬೇಕು. ರೆಕ್ಕೆಗಳ ಸಂಖ್ಯೆ ಎರಡನೆಯದು, ಲೋಹ ಮೂರನೆಯದು, ಗರಿಷ್ಠ ವೇಗ ಕೊನೆಯದು.

ಅಳತೆಯನ್ನು ಓದುವ ಬಗೆ

ಪ್ರೊಪೆಲ್ಲರಿನ ಹಬ್, ಅಂದರೆ ರೆಕ್ಕೆಗಳು ಕೂಡುವ ನಡುಭಾಗದ ಮೇಲೆ 14 × 11 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಅಂಗುಲಗಳಲ್ಲಿ. ರೆಕ್ಕೆಗಳ ತುದಿ ತಿರುಗುವಾಗ ಮೂಡುವ ವೃತ್ತದ ಅಡ್ಡಳತೆ ವ್ಯಾಸ. ನೀರು ಗಟ್ಟಿ ವಸ್ತುವಾಗಿದ್ದು ಪ್ರೊಪೆಲ್ಲರ್ ತಿರುಪಿನ ಮೊಳೆಯಂತೆ ಅದನ್ನು ಕೊರೆದುಕೊಂಡು ಹೋಗುವಂತಿದ್ದರೆ ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಸಾಗುತ್ತಿತ್ತು ಎಂಬ ಲೆಕ್ಕ ಪಿಚ್. ನೀರು ಗಟ್ಟಿಯಲ್ಲದ ಕಾರಣ ಲೆಕ್ಕದ ದೂರಕ್ಕೂ ನಿಜವಾಗಿ ಸಾಗುವ ದೂರಕ್ಕೂ ಅಂತರ ಇದ್ದೇ ಇರುತ್ತದೆ. ಇದನ್ನು ಸ್ಲಿಪ್ ಎನ್ನುತ್ತಾರೆ.

ಒಂದು ಲೆಕ್ಕ ನೋಡಬಹುದು. ಎಂಜಿನ್ 5500 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಗೇರ್ ಅನುಪಾತ 2:1, ಪಿಚ್ 10 ಅಂಗುಲ ಎಂದುಕೊಳ್ಳೋಣ. ಪ್ರೊಪೆಲ್ಲರ್ ನಿಮಿಷಕ್ಕೆ 2750 ಸುತ್ತು ಸುತ್ತುತ್ತದೆ, ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 42 ಕಿಲೋಮೀಟರ್ ಸಾಗಬೇಕು. ಹಗುರವಾದ ವೇಗದ ದೋಣಿಯಲ್ಲಿ ಸ್ಲಿಪ್ ಶೇಕಡಾ 10ರಿಂದ 15ರಷ್ಟಿರಬಹುದು. ತುಂಬಿದ ಎರಡು ಕೊಳವೆಗಳ ಪಾಂಟೂನಿನಲ್ಲಿ ಅದು ಶೇಕಡಾ 30ರಿಂದ 40ಕ್ಕೆ ಏರಿದರೂ ಆಶ್ಚರ್ಯವಿಲ್ಲ. ಆಗ ಕೈಗೆ ಸಿಗುವುದು ಗಂಟೆಗೆ 25ರಿಂದ 29 ಕಿಲೋಮೀಟರ್. ಸ್ಲಿಪ್ ಇದೆ ಎಂದ ಮಾತ್ರಕ್ಕೆ ಪ್ರೊಪೆಲ್ಲರ್ ಕೆಟ್ಟದ್ದೆಂದು ತಿಳಿಯಬಾರದು, ಏಕೆಂದರೆ ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದೆ ಹೋಗುವುದಿಲ್ಲ. ಆದರೆ ಭಾರವಾದ ದೋಣಿಗೆ ಪಿಚ್ ಹೆಚ್ಚಿಸಿದರೆ ವೇಗವೂ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಮೆಕ್ಕೆಜೋಳದ ಚೀಲಗಳನ್ನು ತುಂಬಿದ ಟ್ರೇಲರನ್ನು ದೊಡ್ಡ ಗೇರಿನಲ್ಲಿ ಎಳೆಯಹೊರಟ ಟ್ರ್ಯಾಕ್ಟರಿನಂತೆ, ಹೆಚ್ಚು ಪಿಚ್ ಹೊತ್ತ ಎಂಜಿನ್ ತಿಣುಕುತ್ತದೆಯೇ ಹೊರತು ವೇಗ ಹಿಡಿಯುವುದಿಲ್ಲ.

ಪಿಚ್: ಹೆಚ್ಚೋ ಕಡಿಮೆಯೋ

ಪ್ರತಿ ಮೋಟಾರಿಗೂ ಪೂರ್ತಿ ಥ್ರಾಟಲಿನಲ್ಲಿ ಇರಬೇಕಾದ ಆರ್‌ಪಿಎಂ ವ್ಯಾಪ್ತಿಯನ್ನು ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಮಧ್ಯಮ ಗಾತ್ರದ ಫೋರ್‌ಸ್ಟ್ರೋಕ್ ಮೋಟಾರುಗಳಲ್ಲಿ ಇದು ಬಹುಮಟ್ಟಿಗೆ 5000ದಿಂದ 6000. ಪಿಚ್ ಹೆಚ್ಚಾಗಿ ಎಂಜಿನ್ ಈ ವ್ಯಾಪ್ತಿಯ ಕೆಳಗೇ ಉಳಿದರೆ ಅದು ಪ್ರತಿ ಓಟದಲ್ಲೂ ಉಸಿರುಗಟ್ಟಿ ದುಡಿಯುತ್ತದೆ. ಇಂಗಾಲ ಕಟ್ಟಿಕೊಳ್ಳುತ್ತದೆ, ಕಾವು ಏರುತ್ತದೆ, ಪಿಸ್ಟನ್ನು ಬೇರಿಂಗುಗಳ ಮೇಲೆ ಒತ್ತಡ ಬೀಳುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ. ಪಿಚ್ ತೀರ ಕಡಿಮೆಯಾದರೆ ಎಂಜಿನ್ ವ್ಯಾಪ್ತಿಯನ್ನು ಮೀರಿ ಓಡುತ್ತದೆ ಅಥವಾ ಅದರೊಳಗಿನ ಮಿತಿಕಾರಕ ಮಧ್ಯೆ ಪ್ರವೇಶಿಸಿ ತಡವರಿಸುವಂತೆ ಮಾಡುತ್ತದೆ. ಎರಡರಲ್ಲಿ ಮೊದಲನೆಯ ದೋಷ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮಿತಿ ಮೀರಿದ ಎಂಜಿನ್ ಕೂಗಿ ತಿಳಿಸುತ್ತದೆ, ತಿಣುಕುವ ಎಂಜಿನ್ ಸದ್ದಿಲ್ಲದೆ ಸವೆಯುತ್ತದೆ.

ಪಿಚ್ ಒಂದು ಅಂಗುಲ ತಗ್ಗಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ, ಒಂದು ಅಂಗುಲ ಹೆಚ್ಚಿದರೆ ಅಷ್ಟೇ ಇಳಿಯುತ್ತದೆ. ಈ ಒಂದು ಸೂತ್ರ ಗೊತ್ತಿದ್ದರೆ ಅಂಗಡಿಯವರ ಮಾತಿಗೆ ಪೂರ್ತಿ ಜೋತುಬೀಳಬೇಕಾಗಿಲ್ಲ. ಪಾಂಟೂನ್ ದೋಣಿಯ ನಿಜವಾದ ತೊಡಕು ಇರುವುದು ಭಾರದ ಏರಿಳಿತದಲ್ಲಿ. ಖಾಲಿ ದೋಣಿಯ ತೂಕ 700 ಕಿಲೋ ಇದ್ದು, ತಲಾ 65 ಕಿಲೋದ ಹನ್ನೆರಡು ಮಂದಿ ಹತ್ತಿದರೆ 780 ಕಿಲೋ ಸೇರಿ ಒಟ್ಟು ಭಾರ ಎರಡರಷ್ಟಕ್ಕೂ ಮೀರುತ್ತದೆ. ಭಾನುವಾರ ತುಂಬಿ ಓಡುವ ದೋಣಿ ಮಂಗಳವಾರ ಚಾಲಕನೊಬ್ಬನನ್ನೇ ಹೊತ್ತು ಬರಬಹುದು. ಆರಿಸಿದ ಪಿಚ್ ಈ ಎರಡೂ ದಿನಗಳಿಗೆ ಹೊಂದಬೇಕು.

ಉದಾಹರಣೆಗೆ, 13 ಪಿಚ್ಚಿನ ಪ್ರೊಪೆಲ್ಲರ್ ಹಾಕಿದ ದೋಣಿ ತುಂಬಿದಾಗ 4800 ಆರ್‌ಪಿಎಂ, ಖಾಲಿ ಇದ್ದಾಗ 5300 ತೋರಿಸುತ್ತದೆ ಎಂದು ಇಟ್ಟುಕೊಳ್ಳಿ. ಖಾಲಿ ಓಡಿಸಿ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಅನಿಸುತ್ತದೆ, ಏಕೆಂದರೆ 5300 ವ್ಯಾಪ್ತಿಯ ಒಳಗೇ ಇದೆ. ಜನ ಹತ್ತಿದೊಡನೆ ಎಂಜಿನ್ ವ್ಯಾಪ್ತಿಯ ಕೆಳಗಿಳಿಯುತ್ತದೆ. ಪಿಚ್ಚನ್ನು 10ಕ್ಕೆ ಇಳಿಸಿದರೆ ತುಂಬಿದ ದೋಣಿಯಲ್ಲಿ 5250ರಿಂದ 5400, ಖಾಲಿ ದೋಣಿಯಲ್ಲಿ 5750ರಿಂದ 5900 ನಿರೀಕ್ಷಿಸಬಹುದು. ಎರಡೂ ವ್ಯಾಪ್ತಿಯ ಒಳಗಿವೆ. ಇನ್ನೂ ಒಂದು ಅಂಗುಲ ಇಳಿಸಿ 9 ಹಾಕಿದರೆ ತುಂಬಿದಾಗ ಸೊಗಸಾಗಿ ಓಡುತ್ತದೆ, ಆದರೆ ಖಾಲಿ ಬರುವಾಗ 6000ದ ಗಡಿ ದಾಟುವ ಸಂಭವವಿದೆ. ಇಲ್ಲಿ 10 ಸರಿಯಾದ ಆಯ್ಕೆ. ಚಾಲಕ ಶಿಸ್ತಿನವನಾಗಿದ್ದು ಖಾಲಿ ಬರುವಾಗ ಥ್ರಾಟಲ್ ತಗ್ಗಿಸುವವನಾದರೆ ಮಾತ್ರ 9ನ್ನು ಯೋಚಿಸಬಹುದು.

ಮೂರು ಕೊಳವೆಗಳ ಪಾಂಟೂನಿನ ವಿಚಾರ ಬೇರೆ. ಅದಕ್ಕೆ 100 ಎಚ್‌ಪಿಗೂ ಮೀರಿದ ಮೋಟಾರ್ ಕೂರಿಸಿದರೆ ಅದು ನೀರಿನ ಮೇಲೆದ್ದು ಓಡಬಲ್ಲದು, ಹೆಚ್ಚಿನ ಪಿಚ್ಚನ್ನೂ ತಾಳುತ್ತದೆ. ನಮ್ಮ ಕೆರೆ, ಜಲಾಶಯಗಳಲ್ಲಿ ವಿಹಾರಕ್ಕೆ ಬೇಕಾಗುವುದು ಅಂಥದ್ದಲ್ಲ.

ಎತ್ತರದ ಪ್ರಶ್ನೆ

ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಜಲಾಶಯಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಸರಿಸುಮಾರು ಶೇಕಡಾ 3ರಷ್ಟು ತಗ್ಗುತ್ತದೆ. ಕರಾವಳಿಯಲ್ಲಿ 40 ಎಚ್‌ಪಿ ಕೊಡುವ ಮೋಟಾರ್ ಇಲ್ಲಿ 37–38ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನದ ಕಾದ ಗಾಳಿ ಅದರಿಂದ ಇನ್ನಷ್ಟನ್ನು ಕಸಿಯುತ್ತದೆ. ಆದ್ದರಿಂದ ಮಂಗಳೂರಿನಲ್ಲೋ ಮಲ್ಪೆಯಲ್ಲೋ ಚೆನ್ನಾಗಿ ಓಡಿದ ಪ್ರೊಪೆಲ್ಲರಿನ ಅಳತೆಯನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ಅಲ್ಲಿನ ಅಳತೆ ನಿಮಗೆ ಮೊದಲ ಅಂದಾಜಾಗಬಹುದು. ಅಂತಿಮ ಪರೀಕ್ಷೆ ಇಲ್ಲಿಯ ನೀರಿನಲ್ಲಿ, ಇಲ್ಲಿಯ ಬಿಸಿಲಿನಲ್ಲಿ ನಡೆಯಬೇಕು.

ವ್ಯಾಸ ಮತ್ತು ಗೇರ್‌ಕೇಸ್

ವ್ಯಾಸವನ್ನು ನಾವಾಗಿ ಆರಿಸುವ ಅವಕಾಶ ಕಡಿಮೆ, ಪ್ರೊಪೆಲ್ಲರನ್ನು ತಿರುಗಿಸುವ ಗೇರುಗಳಿರುವ ಮೋಟಾರಿನ ಕೆಳಭಾಗದ, ಅಂದರೆ ಗೇರ್‌ಕೇಸಿನ ಗಾತ್ರವೇ ಅದನ್ನು ನಿರ್ಧರಿಸುತ್ತದೆ. ಆದರೆ ಮೋಟಾರ್ ಇನ್ನೂ ಕೊಂಡಿಲ್ಲವಾದರೆ ಇಲ್ಲಿಯೇ ನಿಜವಾದ ಆಯ್ಕೆ ಇದೆ. ಕೆಲವು ತಯಾರಕರು ಒಂದೇ ಎಚ್‌ಪಿಯ ಮೋಟಾರನ್ನು ಎರಡು ಬಗೆಯ ಗೇರ್‌ಕೇಸಿನೊಂದಿಗೆ ಮಾರುತ್ತಾರೆ. ಯಮಹಾದ 60 ಎಚ್‌ಪಿಯಲ್ಲಿ ಸಾಮಾನ್ಯ ಮಾದರಿಯ ಗೇರ್ ಅನುಪಾತ 1.85, ಹೆಚ್ಚು ನೂಕುಬಲದ ಮಾದರಿಯದು 2.33. ಮರ್ಕ್ಯುರಿಯ 60 ಎಚ್‌ಪಿಯಲ್ಲಿಯೂ 1.83 ಮತ್ತು 2.33 ಎಂಬ ಎರಡು ಬಗೆಗಳಿವೆ. ಎಂಜಿನ್ 5500ರಲ್ಲಿ ತಿರುಗುವಾಗ 1.85ರ ಗೇರಿನಲ್ಲಿ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2970 ಸುತ್ತು ತಿರುಗಿದರೆ 2.33ರಲ್ಲಿ ಸುಮಾರು 2360 ಸುತ್ತು ತಿರುಗುತ್ತದೆ. ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಕಾರಣ ಅದು 14 ಅಂಗುಲದಷ್ಟು ದೊಡ್ಡ ಪ್ರೊಪೆಲ್ಲರನ್ನು ಹೊರಬಲ್ಲದು. ಭಾರವಾದ ದೋಣಿಯನ್ನು ತಳ್ಳಲು ಸಣ್ಣ ಪ್ರೊಪೆಲ್ಲರನ್ನು ವೇಗವಾಗಿ ತಿರುಗಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ತಿರುಗಿಸುವುದು ಯಾವತ್ತೂ ಲಾಭದಾಯಕ. ಪಾಂಟೂನಿಗಾಗಿಯೇ ಹೊಸ ಮೋಟಾರ್ ಕೊಳ್ಳುವವರು ಸ್ವಲ್ಪ ಹೆಚ್ಚು ಹಣ ತೆತ್ತಾದರೂ ದೊಡ್ಡ ಗೇರ್‌ಕೇಸಿನ ಮಾದರಿಯನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಎರಡು ಗೇರ್‌ಕೇಸುಗಳ ಪಿಚ್ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಾರದು. ಸುತ್ತುಗಳ ಸಂಖ್ಯೆಯೇ ಬೇರೆಯಾದ್ದರಿಂದ ಒಂದರಲ್ಲಿ ಸರಿಯಾದ 11 ಇನ್ನೊಂದರಲ್ಲಿ ಸರಿಯಾಗುವುದಿಲ್ಲ.

ಮೂರು ರೆಕ್ಕೆ, ನಾಲ್ಕು ರೆಕ್ಕೆ

ಮೂರು ರೆಕ್ಕೆಯ ಪ್ರೊಪೆಲ್ಲರ್ ಅಗ್ಗ, ಹಗುರ, ಎಲ್ಲೆಡೆ ಸಿಗುತ್ತದೆ, ಗರಿಷ್ಠ ವೇಗವೂ ಒಂದಿಷ್ಟು ಹೆಚ್ಚು. ನಾಲ್ಕು ರೆಕ್ಕೆಯದು ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅದುರುವಿಕೆ ಕಡಿಮೆ, ತಿರುವಿನಲ್ಲಿ ಜಾರುವುದಿಲ್ಲ, ನಿಧಾನ ಗತಿಯಲ್ಲಿ ದೋಣಿ ಚಾಲಕನ ಮಾತು ಕೇಳುತ್ತದೆ. ಅದೇ ಪಿಚ್ಚಿನ ಮೂರು ರೆಕ್ಕೆಯದರ ಬದಲು ನಾಲ್ಕು ರೆಕ್ಕೆಯದನ್ನು ಹಾಕಿದರೆ ಆರ್‌ಪಿಎಂ ಸಾಮಾನ್ಯವಾಗಿ 50ರಿಂದ 150ರಷ್ಟು ಇಳಿಯುತ್ತದೆ. ಅದನ್ನು ಸರಿದೂಗಿಸಲು ಪಿಚ್ಚನ್ನು ಒಂದು ಅಂಗುಲ ತಗ್ಗಿಸಿ ಕೊಳ್ಳಬೇಕು.

ಪಾಂಟೂನ್ ದೋಣಿಯ ಪಾಲಿಗೆ ನಾಲ್ಕನೆಯ ರೆಕ್ಕೆಯ ಬೆಲೆ ಗೊತ್ತಾಗುವುದು ದಡ ಸೇರುವಾಗ. ಈ ದೋಣಿಗಳು ನೀರಿನೊಳಗೆ ಆಳವಾಗಿ ಕೂರುವುದಿಲ್ಲ, ಚಾವಣಿ, ಕಟಕಟೆಗಳಿಗೆ ಗಾಳಿ ಬಡಿಯುತ್ತದೆ. ಬೀಸುಗಾಳಿಯಲ್ಲಿ ಕಟ್ಟೆಯ ಹತ್ತಿರ ನಿಲ್ಲಿಸಲು ರಿವರ್ಸ್ ಹಾಕಿದಾಗ ಪ್ರೊಪೆಲ್ಲರ್ ನೀರನ್ನು ಹಿಡಿಯದಿದ್ದರೆ ದೋಣಿ ಅಡ್ಡಲಾಗಿ ತೇಲಿಹೋಗುತ್ತದೆ. ಹೆಚ್ಚಿನ ಮೋಟಾರುಗಳಲ್ಲಿ ಹೊಗೆ ಹಬ್ಬಿನ ಮೂಲಕವೇ ಹೊರಬೀಳುವುದರಿಂದ ರಿವರ್ಸ್‌ನಲ್ಲಿ ರೆಕ್ಕೆಗಳು ಹೊಗೆ ಬೆರೆತ ನೀರನ್ನೇ ಕಡೆಯಬೇಕಾಗುತ್ತದೆ, ಹಿಡಿತ ಮತ್ತಷ್ಟು ಸಡಿಲವಾಗುತ್ತದೆ. ಹೆಚ್ಚಿದ ರೆಕ್ಕೆಯ ಹರವು ಇಲ್ಲಿ ನೆರವಿಗೆ ಬರುತ್ತದೆ. ಜನರನ್ನು ಹೊತ್ತ ದೋಣಿಗೆ ನಿಲ್ಲುವ ಶಕ್ತಿ ಓಡುವ ಶಕ್ತಿಯಷ್ಟೇ ಮುಖ್ಯ. ಈ ಒಂದು ಕಾರಣಕ್ಕಾಗಿಯೇ 40 ಎಚ್‌ಪಿ ಮತ್ತು ಅದಕ್ಕಿಂತ ಮೇಲಿನ ಮೋಟಾರಿರುವ, ಬಾಡಿಗೆಗೆ ಓಡುವ ದೋಣಿಗೆ ನಾನು ನಾಲ್ಕು ರೆಕ್ಕೆಯದನ್ನೇ ಸೂಚಿಸುತ್ತೇನೆ. ಹತ್ತು ಹದಿನೈದು ಎಚ್‌ಪಿಯ ಸಣ್ಣ ಮೋಟಾರಿಗೆ, ಮನೆಮಂದಿಯ ಓಡಾಟಕ್ಕೆ ಮೂರು ರೆಕ್ಕೆ ಸಾಕು.

ಯಾವ ಲೋಹ

ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಬಾಳಿಕೆಯದೆಂಬುದು ನಿಜ. ರೆಕ್ಕೆಗಳನ್ನು ತೆಳುವಾಗಿ ಮಾಡಬಹುದು, ಒತ್ತಡಕ್ಕೆ ಅವು ಬಾಗುವುದಿಲ್ಲ, ವೇಗದ ದೋಣಿಯಲ್ಲಿ ಅದರ ಗುಣ ಎದ್ದು ಕಾಣುತ್ತದೆ. ಆದರೆ ಗಂಟೆಗೆ 30 ಕಿಲೋಮೀಟರ್ ಮೀರದ ಪಾಂಟೂನಿನಲ್ಲಿ ಆ ಗುಣದ ಫಲ ಕೈಗೆ ಹತ್ತುವುದು ಅಲ್ಪ, ಬೆಲೆಯೋ ಅಲ್ಯೂಮಿನಿಯಂನ ಹಲವು ಪಟ್ಟು. ಇನ್ನೊಂದು ಮಾತೂ ಇದೆ. ನೀರಿನಡಿಯ ಕೊರಡಿಗೆ ಬಡಿದರೆ ಅಲ್ಯೂಮಿನಿಯಂ ರೆಕ್ಕೆ ಬಾಗಿಯೋ ಮುರಿದೋ ಪೆಟ್ಟಿನ ಪಾಲನ್ನು ತಾನು ನುಂಗುತ್ತದೆ. ಸ್ಟೀಲಿನ ರೆಕ್ಕೆ ಬಾಗದ ಕಾರಣ ಆ ಪೆಟ್ಟು ಅದನ್ನು ತಾಳಲೆಂದು ಹಬ್ಬಿನೊಳಗೆ ಕೂರಿಸಿದ ರಬ್ಬರನ್ನು ದಾಟಿ ಶಾಫ್ಟು, ಗೇರುಗಳವರೆಗೆ ತಲುಪುವ ಭಯ ಹೆಚ್ಚು. ಪ್ರೊಪೆಲ್ಲರ್ ಕಳೆದುಕೊಳ್ಳುವುದಕ್ಕೂ ಗೇರ್‌ಕೇಸ್ ಕಳೆದುಕೊಳ್ಳುವುದಕ್ಕೂ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ನಮ್ಮ ನೀರಿಗೆ ಅಲ್ಯೂಮಿನಿಯಂ ಸಾಕು ಎಂಬುದಷ್ಟೇ ಅಲ್ಲ, ಅದೇ ಮೇಲು.

ಗಟ್ಟಿ ಪ್ಲಾಸ್ಟಿಕ್ ಬೆರಕೆಯ ಕಾಂಪೊಸಿಟ್ ಪ್ರೊಪೆಲ್ಲರುಗಳು ಅಗ್ಗ. ಕೆಲವದರಲ್ಲಿ ಮುರಿದ ಒಂದೇ ರೆಕ್ಕೆಯನ್ನು ಬದಲಾಯಿಸಬಹುದು. ಭಾರಕ್ಕೆ ಅವು ಬಾಗುತ್ತವೆಯಾದ್ದರಿಂದ ದಿನನಿತ್ಯದ ಬಳಕೆಗೆ ಬೇಡ. ದೋಣಿಯಲ್ಲಿ ಇಟ್ಟುಕೊಳ್ಳುವ ಬದಲಿ ಪ್ರೊಪೆಲ್ಲರಾಗಿ ಒಳ್ಳೆಯದು.

ಎರಡು ನೀರು, ಎರಡು ಉತ್ತರ

ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟೆ ನಮಗೆ ವಾಣಿವಿಲಾಸ ಸಾಗರವನ್ನು ಕೊಟ್ಟಿತು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಈ ಇತಿಹಾಸ ಪ್ರೊಪೆಲ್ಲರ್ ಆರಿಸುವವರಿಗೂ ಬೇಕು. ದಶಕಗಳ ಕಾಲ ನೀರು ಏರದ ಅಂಚಿನ ನೆಲದಲ್ಲಿ ಜಾಲಿ ಬೆಳೆಯುತ್ತದೆ, ಬದುಗಳು, ಕಲ್ಲುಗುಡ್ಡೆಗಳು ಉಳಿಯುತ್ತವೆ. ನೀರು ಏರಿದಾಗ ಇವೆಲ್ಲ ಮುಳುಗಿ, ಇಳಿಯತೊಡಗಿದಾಗ ಪ್ರೊಪೆಲ್ಲರಿನ ಮಟ್ಟಕ್ಕೆ ಬರುತ್ತವೆ. ನಡುನೀರು ಆಳ, ವಿಶಾಲ, ಗಾಳಿ ಅಡೆತಡೆಯಿಲ್ಲದೆ ಬೀಸುತ್ತದೆ. ಆದ್ದರಿಂದ ಇಲ್ಲಿಗೆ ನಾಲ್ಕು ರೆಕ್ಕೆಯ, ಕಡಿಮೆ ಪಿಚ್ಚಿನ ಅಲ್ಯೂಮಿನಿಯಂ ಪ್ರೊಪೆಲ್ಲರ್ ಮತ್ತು ದೋಣಿಯಲ್ಲೇ ಒಂದು ಬದಲಿ. ಅಂಚಿನ ನೀರಿನಲ್ಲಿ ಮೋಟಾರನ್ನು ಸ್ವಲ್ಪ ಎತ್ತಿಕೊಂಡು ನಿಧಾನವಾಗಿ ಸಾಗುವ ಅಭ್ಯಾಸ.

ಶಾಂತಿಸಾಗರ, ಅಂದರೆ ಸೂಳೆಕೆರೆ, ವಿಸ್ತಾರಕ್ಕೆ ಹೋಲಿಸಿದರೆ ಆಳ ಕಡಿಮೆಯಿರುವ ಹಳೆಯ ಕೆರೆ. ಹೂಳು, ಅಂಚಿನ ಜೊಂಡು, ಮೀನುಗಾರರ ಬಲೆ ಇವೇ ಅಲ್ಲಿ ಎದುರಾಗುವ ಕಷ್ಟಗಳು. ಕಳೆ ಸುತ್ತಿಕೊಂಡರೆ ಬಿಡಿಸಲು ರೆಕ್ಕೆಗಳ ನಡುವೆ ಜಾಗವಿರುವುದು ಮೇಲು. ಹಾಗಾಗಿ ಬಾಡಿಗೆ ದೋಣಿಗೆ ನಾಲ್ಕು ರೆಕ್ಕೆ ಎಂಬ ಮೇಲಿನ ಸಲಹೆಗೆ ಹೊರತಾಗಿ, ಇಲ್ಲಿಗೆ ಮೂರು ರೆಕ್ಕೆಯದನ್ನೇ ಕಡಿಮೆ ಪಿಚ್ಚಿನಲ್ಲಿ ಆರಿಸುವುದು ನನಗೆ ಸರಿಯೆನಿಸುತ್ತದೆ. ಬಲೆಯ ನೈಲಾನ್ ದಾರದ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಅದು ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕತ್ತರಿಸುತ್ತದೆ. ಆಗ ಗೇರ್ ಆಯಿಲ್ ನೀರಿಗೂ, ನೀರು ಗೇರ್‌ಕೇಸಿಗೂ ಸೇರುತ್ತದೆ. ಚಿತ್ರದುರ್ಗದ ಜನ ಕುಡಿಯುವ ನೀರು ಈ ಕೆರೆಯಿಂದ ಹೋಗುತ್ತದೆ. ಹಾಗಾಗಿ ಇಲ್ಲಿ ದೋಣಿ ನಡೆಸುವವರು ಆಗಾಗ ಪ್ರೊಪೆಲ್ಲರ್ ಕಳಚಿ ದಾರ ಸಿಕ್ಕಿದೆಯೇ ಎಂದು ನೋಡುವುದನ್ನು ಮೋಟಾರಿನ ಹಿತಕ್ಕಾಗಿ ಮಾತ್ರವಲ್ಲ, ಆ ನೀರು ಕುಡಿಯುವವರಿಗಾಗಿಯೂ ಮಾಡಬೇಕು.

ಜನ ಈಜುವ, ಇಳಿಯುವ ಕಡೆ ಪ್ರೊಪೆಲ್ಲರಿನ ಸುತ್ತ ರಕ್ಷಣಾ ಬಳೆ ಕೂರಿಸುವುದಾದರೆ ಅದು ನೀರಿನ ಹರಿವಿಗೆ ತಡೆಯೊಡ್ಡುತ್ತದೆ ಎಂಬುದು ನೆನಪಿರಲಿ. ಬಳೆ ಕೂರಿಸಿದ ಮೇಲೆಯೇ ಆರ್‌ಪಿಎಂ ಅಳೆದು ಪಿಚ್ ನಿರ್ಧರಿಸಬೇಕು.

ಅಳೆದು ನೋಡುವ ಕ್ರಮ

ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಇಲ್ಲದ ಸಣ್ಣ ಮೋಟಾರುಗಳಿಗೆ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತಿ ಬಳಸುವ ಅಗ್ಗದ ಮೀಟರುಗಳು ಸಿಗುತ್ತವೆ. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ದೋಣಿಗೆ ಅನುಮತಿಯಿರುವಷ್ಟು ಜನರನ್ನೋ ಅಷ್ಟೇ ತೂಕದ ಮರಳುಚೀಲಗಳನ್ನೋ ಹೇರಿ, ಟ್ಯಾಂಕ್ ತುಂಬಿಸಿ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ ಒಂದೇ ದಾರಿಯಲ್ಲಿ ಹೋಗಿ ಬಂದು ಎರಡೂ ದಿಕ್ಕಿನ ಅಂಕಿಗಳನ್ನು ಬರೆದುಕೊಳ್ಳಬೇಕು. ಖಾಲಿ ದೋಣಿಯಲ್ಲೂ ಹೀಗೆಯೇ ಮಾಡಬೇಕು.

ಆರ್‌ಪಿಎಂ ಥಟ್ಟನೆ ಏರಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ ಪಿಚ್ಚನ್ನು ದೂರುವ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಿ. ಮೋಟಾರನ್ನು ತೀರ ಎತ್ತರಕ್ಕೆ ಕೂರಿಸಿದ್ದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ, ತಿರುವಿನಲ್ಲಿ ಇದು ಹೆಚ್ಚು. ಹಬ್ಬಿನೊಳಗಿನ ರಬ್ಬರ್ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಶಾಫ್ಟಿನ ಮೇಲೆ ಕೂರುವ ಒಳಗಿನ ಕೊಳವೆಯಿಂದ ಹೊರ ಹಬ್ಬಿನವರೆಗೆ ಬಣ್ಣದಿಂದ ಒಂದು ಗೆರೆ ಎಳೆದು ಓಡಿಸಿ ನೋಡಿದರೆ, ಗೆರೆ ಮುರಿದಿದ್ದಲ್ಲಿ ದೋಷ ರಬ್ಬರಿನದೆಂದು ತಿಳಿಯುತ್ತದೆ.

ರೆಕ್ಕೆಯಂಚಿನ ಸಣ್ಣ ಕಚ್ಚುಗಳನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಬಾಗಿದ ರೆಕ್ಕೆಯ ವಿಷಯದಲ್ಲಿ ಹಾಗಲ್ಲ. ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸಿದ ಹರಿಹರ, ಅದರ ಪಕ್ಕದ ದಾವಣಗೆರೆ, ಇಲ್ಲಿನ ಕುಶಲ ಕೆಲಸಗಾರರ ಕೈ ಎಂಥದೆಂದು ನಮಗೆಲ್ಲ ಗೊತ್ತು. ಆದರೂ ಪಿಚ್ ಅಳೆಯುವ ಅಚ್ಚು ಇಲ್ಲದೆ ಕಣ್ಣಂದಾಜಿನಲ್ಲಿ ನೆಟ್ಟಗೆ ಮಾಡಿದ ರೆಕ್ಕೆ ಉಳಿದವುಗಳೊಂದಿಗೆ ಸರಿಹೊಂದುವುದಿಲ್ಲ, ಅದುರಿ ಬೇರಿಂಗನ್ನೂ ಸೀಲನ್ನೂ ತಿನ್ನುತ್ತದೆ. ಅಂಥದ್ದನ್ನು ಬದಲಾಯಿಸುವುದೇ ಕಡಿಮೆ ಖರ್ಚಿನ ದಾರಿ.

ಕೊಳ್ಳುವಾಗ ಮೋಟಾರಿನ ಮಾದರಿ, ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಈಗಿರುವ ಪ್ರೊಪೆಲ್ಲರಿನ ಅಳತೆ ಮತ್ತು ನೀವು ಬರೆದಿಟ್ಟ ಆರ್‌ಪಿಎಂ ಅಂಕಿಗಳನ್ನು ಜೊತೆಗೊಯ್ಯಿರಿ. ಆರ್‌ಪಿಎಂ ಹೊಂದದಿದ್ದರೆ, ಗೀರು ಬೀಳದ ಪ್ರೊಪೆಲ್ಲರನ್ನು ಬದಲಾಯಿಸಿಕೊಡುವ ಒಪ್ಪಂದವನ್ನು ಹಣ ಕೊಡುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಕೂರಿಸುವ ಮುನ್ನ ಇಗ್ನಿಷನ್ ಕೀ ತೆಗೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟಿಗೆ ನೀರಿಗೆ ತೊಳೆದುಹೋಗದ ಮರೀನ್ ಗ್ರೀಸ್ ಹಚ್ಚಿ; ಒಳಗಿನ ಥ್ರಸ್ಟ್ ವಾಷರ್ ಮರೆತರೆ ಹಬ್ ಗೇರ್‌ಕೇಸಿಗೆ ಉಜ್ಜುತ್ತದೆ. ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದು, ಮೊದಲ ಓಟದ ನಂತರ ಮತ್ತೊಮ್ಮೆ ಪರೀಕ್ಷಿಸಿ. ಸ್ಪ್ಲಿಟ್ ಪಿನ್ ಇರುವ ಮಾದರಿಯಾದರೆ ಪ್ರತಿ ಸಲ ಹೊಸ ಪಿನ್ನನ್ನೇ ಹಾಕಿ. ಬದಲಿ ಪ್ರೊಪೆಲ್ಲರಿನ ಜೊತೆಗೆ ಒಂದು ನಟ್ಟು, ವಾಷರ್, ನಾಲ್ಕಾರು ಪಿನ್ನುಗಳು ಮತ್ತು ಆ ನಟ್ಟಿಗೆ ಹೊಂದುವ ಪಾನಾ ದೋಣಿಯ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.